ಕುಂಕುಮದ ಸಾರ್ ಅವರ ರಿಜಿಸ್ಟರು

ಫ್ಲೆಕ್ಸ್ ಅಂಗಡಿಯವನು ಫೋನ್ ಮಾಡಿ, ಫೋಟೋದವರ ಕತ್ತಿನಲ್ಲಿರುವ ಹಾರವನ್ನು ಇಡಬೇಕೋ ತೆಗೆಯಬೇಕೋ ಎಂದು ಕೇಳಿದ. ತೆಗೆದುಬಿಡಿ ಎಂದೆ. ಆ ಜಾಗಕ್ಕೆ ಏನು ಹಾಕಲಿ ಎಂದ. ಚೆಂಡುಹೂವೋ ಸೇವಂತಿಗೆಯೋ, ಕಂಪ್ಯೂಟರಿನಲ್ಲಿ ಏನಿದೆಯೋ ಅದನ್ನು ಹಾಕಿ ಎಂದೆ. ಅರ್ಧ ಗಂಟೆಯಲ್ಲಿ ವಾಟ್ಸಾಪಿಗೆ ಚಿತ್ರ ಬಂತು. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕತ್ತಿನಲ್ಲಿ ಚೆಂಡುಹೂವಿನ ಹಾರ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಮಾರನೆಯ ದಿನ ಅದನ್ನು ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಕಾರ್ಖಾನೆಯ ಗೇಟಿಗೆ ಕಟ್ಟಿದರು.

ಮೂಲ ಚಿತ್ರದಲ್ಲಿ ಇದ್ದದ್ದು ಹೂವಿನ ಹಾರವಲ್ಲ, ಗುಟ್ಕಾ ಪೊಟ್ಟಣಗಳ ಹಾರ. ಅದನ್ನು ಪೋಣಿಸಿದವಳು ನಾನೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಅವರನ್ನು ಹೆಸರಿನಿಂದ ಕರೆದವರೂ ಕಡಿಮೆ. ನಮ್ಮದು ಹೈಡ್ರಾಲಿಕ್ ವಾಲ್ವ್‌ಗಳ ಒಳಗೆ ಕೂರುವ ಬೆರಳು ಗಾತ್ರದ ಉಕ್ಕಿನ ಕಡ್ಡಿಗಳನ್ನು ತಯಾರಿಸುವ ಜಾಗ. ಅವರು ಇನ್‌ಸ್ಪೆಕ್ಷನ್ ರೂಮಿನ ಹಿರಿಯರು. ಅಳತೆಗೆ ಬಾರದ ಕಡ್ಡಿಗೆ ಬ್ರಷ್ಷಿನಿಂದ ಕೆಂಪು ಪೇಂಟಿನ ಚುಕ್ಕೆ ಇಡುವುದು ಎಲ್ಲ ಕಡೆಯ ಕ್ರಮ. ಇವರು ಬ್ರಷ್ ಮುಟ್ಟುತ್ತಿರಲಿಲ್ಲ. ಉಂಗುರದ ಬೆರಳನ್ನು ಡಬ್ಬಿಗೆ ಅದ್ದಿ, ಆ ಕಡ್ಡಿ ಮಾಡಿದ ಲೇತಿನವನನ್ನು ಎದುರಿಗೆ ನಿಲ್ಲಿಸಿಕೊಂಡು, "ದೀರ್ಘಸುಮಂಗಲಿಯಾಗು ತಾಯಿ" ಎಂದು ಕಡ್ಡಿಗೆ ಹರಸಿ ಬೊಟ್ಟಿಡುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು. ಲೇತಿನವನು ನೆಲ ನೋಡುತ್ತಿದ್ದ. ಹೀಗಾಗಿ ಅವರು ಕುಂಕುಮದ ಸಾರ್ ಆದರು.

ನಾನು ತುಮಕೂರಿನಿಂದ ಡಿಪ್ಲೊಮಾ ಮುಗಿಸಿ ಬಂದು ಆ ರೂಮಿಗೆ ಸೇರಿದ ದಿನ, ಹೆಂಗಸರ ಕೈಗೆ ಮೈಕ್ರೋಮೀಟರ್ ಕೊಟ್ಟರೆ ಬಳೆ ಅಳೆಯುತ್ತಾರೆ ಎಂದು ಓನರಿಗೆ ನನಗೆ ಕೇಳಿಸುವ ಹಾಗೆಯೇ ಹೇಳಿದರು. ಆಮೇಲೆ ಎರಡು ವರ್ಷ ಕೂರಿಸಿಕೊಂಡು ಕಲಿಸಿದರು. ಕಡ್ಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತರೆ ಮೈ ಶಾಖಕ್ಕೆ ಉಕ್ಕು ಉಬ್ಬಿ ಅಳತೆ ಸುಳ್ಳಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅವರು ನನ್ನ ಬೆರಳಿಗೆ ಸ್ಕೇಲಿನಿಂದ ಹೊಡೆದ ಮೇಲೆ ನೆನಪಿನಲ್ಲಿ ನಿಂತಿತು. ರಿಜಿಸ್ಟರಿನಲ್ಲಿ ತಪ್ಪು ಬರೆದಾಗ ಒಂದೇ ಗೆರೆ ಹೊಡೆಯಬೇಕು, ಕೆಳಗೆ ಬರೆದಿದ್ದು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಒಮ್ಮೆ ನಾನು ವೈಟ್ನರ್ ಹಚ್ಚಿದ್ದನ್ನು ನೋಡಿ ಆ ಹಾಳೆಯನ್ನು ಬೆಳಕಿಗೆ ಹಿಡಿದು ರೂಮಿನವರಿಗೆಲ್ಲ ತೋರಿಸಿದರು.

"ತಪ್ಪು ಮಾಡ್ದೋನು ಮನುಷ್ಯ ಕಣಮ್ಮ. ಅಳಿಸ್ದೋನು ಕಳ್ಳ" ಎಂದರು.

ಕೆಟ್ಟ ಬಾಯಿ, ನಿಜ. ಆದರೆ ನಾನು ಒಂದು ಸಲ ಇಡೀ ಲಾಟನ್ನು ತಪ್ಪಾಗಿ ಅಳೆದು ಕಳಿಸಿಬಿಟ್ಟಾಗ ಗಿರಾಕಿ ಕಂಪನಿಗೆ ತಾವೇ ಹೋಗಿ, ಎರಡು ದಿನ ಅವರ ಗೋಡೌನಿನಲ್ಲಿ ಕೂತು ಒಂದೊಂದೇ ಕಡ್ಡಿ ಆರಿಸಿ ಬಂದರು. ಯಾರ ತಪ್ಪು ಎಂದು ಓನರ್ ಎಷ್ಟು ಕೇಳಿದರೂ ಹೇಳಲಿಲ್ಲ. ಅದನ್ನು ನನ್ನ ಕೆಲಸ ಉಳಿಸಿದ ಉಪಕಾರ ಎಂದು ನೆನೆಯೋಣವೆಂದರೆ, ಮುಂದಿನ ಒಂದು ವರ್ಷ ದಿನಕ್ಕೊಂದು ಸಲ ಅದನ್ನೇ ಎತ್ತಿ ಆಡಿದರು. ಹೊಟ್ಟೆ ತುಂಬ ಊಟ ಹಾಕಿ ಬೆನ್ನಿಗೆ ಗುದ್ದಿ ಕಳಿಸುವ ಜನ ಇರುತ್ತಾರಲ್ಲ, ಅಂಥವರು.

ಕುಡಿಯುತ್ತಿದ್ದರು. ಇನ್‌ಸ್ಪೆಕ್ಷನ್ ರೂಮಿನ ಗೇಜುಗಳ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕೆಳಗೆ, ವಿಸ್ಕಿಯ ಟೆಟ್ರಾ ಪ್ಯಾಕ್ ಇರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಒಂದು ನೈಂಟಿ ಹೋಗದಿದ್ದರೆ ಕೈ ನಡುಗುತ್ತಿತ್ತು, ಹೋದ ಮೇಲೆ ಕೂದಲೆಳೆಯನ್ನೂ ಅಳೆಯುವಷ್ಟು ಗಟ್ಟಿಯಾಗುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕೆಲಸ ಕೆಡದಿದ್ದರಿಂದ ಯಾರೂ ಕೇಳಲಿಲ್ಲ. ನನಗೆ ಮಾತ್ರ ಆ ವಾಸನೆ ಹಳೆಯ ಪರಿಚಯ. ನಮ್ಮಪ್ಪ ಬಸ್ ಡಿಪೋದಲ್ಲಿ ಕೆಲಸ ಮುಗಿಸಿ ಮನೆಗೆ ಬಂದಾಗ, ಬಾಗಿಲಲ್ಲಿ ನಿಂತೇ ಏನು ಕುಡಿದಿದ್ದಾನೆ, ಕುಡಿದು ಎಷ್ಟು ಹೊತ್ತಾಯಿತು, ಇವತ್ತು ಅಮ್ಮನಿಗೆ ಏಟು ಬೀಳುತ್ತದೋ ಇಲ್ಲವೋ ಎಂಬುದನ್ನು ನಾನು ವಾಸನೆಯಲ್ಲೇ ಹೇಳುತ್ತಿದ್ದೆ. ನಾನು ಕಲಿತ ಮೊದಲ ಅಳತೆ ಅದು.

ಮೊದಲು ಅವರ ಕಣ್ಣು ಹಳದಿಯಾಯಿತು. ಕಾಲು ಊದಿತು, ಹೊಟ್ಟೆ ಉಬ್ಬಿತು. ಒಂದು ಮಧ್ಯಾಹ್ನ ಅಳತೆಗೆ ಇಟ್ಟಿದ್ದ ಗ್ರಾನೈಟ್ ಕಲ್ಲಿನ ಮೇಲೆಯೇ ರಕ್ತ ವಾಂತಿ ಮಾಡಿಕೊಂಡರು. ಅವರನ್ನು ಆಟೋದಲ್ಲಿ ಹಾಕಿ ಕಳಿಸಿದ ಮೇಲೆ ನಾನು ಕಲ್ಲು ತೊಳೆದೆ. ತೊಳೆಯುವಾಗ ನನಗೆ ಬಂದ ಯೋಚನೆ, ಈ ಕಲ್ಲಿಗೆ ಕಲೆ ಉಳಿದರೆ ಗತಿಯೇನು ಎಂಬುದು. ಅವರ ಬಗ್ಗೆ ಬಂದದ್ದು ಒಂದೇ ಮಾತು, ಚೆನ್ನಾಗಾಯಿತು ಎಂದು. ಈಗ ಒಳ್ಳೆಯವಳಾಗಿ ಕಾಣಿಸಿಕೊಳ್ಳಲು ಅದನ್ನು ಬಿಟ್ಟು ಬರೆದರೆ ವೈಟ್ನರ್ ಹಚ್ಚಿದ ಹಾಗಾಗುತ್ತದೆ.

ಲಿವರ್ ಬದಲಾಯಿಸದೆ ಬದುಕುವುದಿಲ್ಲ ಎಂದರು ಆಸ್ಪತ್ರೆಯವರು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಒಂದು ತೊಟ್ಟೂ ಮುಟ್ಟದೆ ಇದ್ದು ತೋರಿಸಬೇಕಿತ್ತು. ಇದ್ದು ತೋರಿಸಿದರು. ಲಿವರ್ ಕೊಟ್ಟವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೆಗ್ಗನಹಳ್ಳಿಯಲ್ಲಿ ಮನೆ, ಲಗ್ಗೆರೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ತಮ್ಮ ಲಿವರಿನ ಅರ್ಧಕ್ಕೂ ಹೆಚ್ಚು ಭಾಗ ಕೊಟ್ಟು, ಹೊಟ್ಟೆಯ ಮೇಲೆ ಮೊಳದುದ್ದದ ಗಾಯ ಹೊತ್ತುಕೊಂಡು, ಮೂರು ತಿಂಗಳಿಗೆ ಮತ್ತೆ ಮಷಿನ್ನಿಗೆ ಹೋದರು. ಬಟ್ಟೆಯ ಕಟ್ಟು ಎತ್ತಲಾಗುವುದಿಲ್ಲ ಎಂದಿದ್ದಕ್ಕೆ ಸೂಪರ್‌ವೈಸರ್ ರೇಗಿದನಂತೆ.

ಡಿಸ್ಚಾರ್ಜ್ ದಿನ ಕಂಪನಿಯ ಕಾಗದಗಳಿಗೆ ಸಹಿ ಮಾಡಿಸಲು ನಾನೂ ಹೋಗಿದ್ದೆ. ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ, ಒಳ್ಳೆಯ ಕನ್ನಡದಲ್ಲಿ ವಿವರಿಸಿದರು.

"ಲಿವರ್ ಮಾತ್ರ ಹೊಸದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ ಎಲ್ಲ ಹಳೇದೇ. ಅವು ಎಷ್ಟೋ ವರ್ಷ ಹೆಂಡ, ಹೊಗೆ, ತಂಬಾಕು ಎಲ್ಲ ಅನುಭವಿಸಿವೆ. ಈಗ ಹೊಸ ಲಿವರನ್ನ ಮೈ ಬೇಡ ಅನ್ನದೆ ಇರ್ಲಿ ಅಂತ ಜೀವನಪೂರ್ತಿ ಮಾತ್ರೆ ಕೊಡ್ತೀವಿ. ಆ ಮಾತ್ರೆಗೆ ಮೈಯಲ್ಲಿರೋ ಕಾವಲಿನ ಶಕ್ತಿ ಕುಗ್ಗುತ್ತೆ. ಅದಕ್ಕೇ ನಿಮ್ಮಂಥವರಿಗೆ ಮುಂದೆ ಕ್ಯಾನ್ಸರ್ ಬರೋ ಅಪಾಯ ಬೇರೆಯವರಿಗಿಂತ ಜಾಸ್ತಿ. ಕುಡಿತ ಬಿಟ್ರೆ ಸಾಲದು, ತಂಬಾಕು ಯಾವ ರೂಪದಲ್ಲೂ ಬೇಡ. ಬಾಯಲ್ಲಿ ಹುಣ್ಣಾಗಿ ಮೂರು ವಾರದಲ್ಲಿ ಮಾಯದಿದ್ರೆ ತಕ್ಷಣ ಬನ್ನಿ."

ನಾವು ಮೂವರೂ ತಲೆಯಾಡಿಸಿದೆವು. ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು, ಕೆಲಸದಲ್ಲಿ ಒಂದು ಕಣ್ಣಿಟ್ಟಿರಮ್ಮ, ಕುಡಿಯದ ಹಾಗೆ ನೋಡಿಕೋ ಎಂದರು. ನೋಡಿಕೊಳ್ಳುತ್ತೇನೆ ಎಂದೆ. ಡಾಕ್ಟರಮ್ಮ ಅಷ್ಟು ಹೇಳಿದ್ದರಲ್ಲಿ ನಾವು ಹೊತ್ತು ತಂದದ್ದು ಇದೊಂದನ್ನೇ. ಅಕ್ಕನದೂ ನನ್ನದೂ, ಇಬ್ಬರ ಬದುಕನ್ನೂ ಹಾಳು ಮಾಡಿದ್ದು ಹೆಂಡವಾದ್ದರಿಂದ ನಮಗೆ ಬೇರೆ ಶತ್ರು ಕಣ್ಣಿಗೆ ಬೀಳಲೇ ಇಲ್ಲ.

ಓನರ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು, ಒಂದು ಷರತ್ತಿನ ಮೇಲೆ. ದಿನಾ ಬೆಳಿಗ್ಗೆ ಕುಡಿದಿಲ್ಲ ಎಂದು ತಪಾಸಣೆ ಆಗಬೇಕು. ಗೇಟಿನ ಸೆಕ್ಯುರಿಟಿಗೆ ಕೊಟ್ಟರೆ ಅವನು ಅಳುವ ಹಾಗೆ ಇವರು ಒಂದೇ ಮಾತಿನಲ್ಲಿ ಮಾಡಿಬಿಡುತ್ತಾರೆಂದು, ಹೆಂಗಸರ ಮೂಗು ಚುರುಕು ಎಂದು ಹೇಳಿ ನನಗೆ ಒಪ್ಪಿಸಿದರು. ಒಂದು ಉದ್ದನೆಯ ರಿಜಿಸ್ಟರ್ ತಂದು ಗೆರೆ ಹಾಕಿದೆ. ತಾರೀಕು, ವೇಳೆ, ನನ್ನ ಸಹಿ, ಅವರ ಸಹಿ, ಕೊನೆಗೆ ಷರಾ.

ಬೆಳಿಗ್ಗೆ ಎಂಟೂವರೆಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತು ಬಾಯಿ ತೆರೆದು ಉಸಿರು ಬಿಡಬೇಕು. ನಾನು ಮೂಸಿ ನೋಡಿ 'ಓಕೆ' ಎಂದು ಬರೆಯಬೇಕು. ಮೊದಲ ದಿನ ಅವರು ಕಣ್ಣು ಮುಚ್ಚಿಕೊಂಡು ಊದಿದರು. ನಾನು ಬೇಕೆಂದೇ ಇನ್ನೊಮ್ಮೆ ಊದಿಸಿದೆ. ಬಳೆಯ ಮಾತು ನನಗೆ ಮರೆತಿರಲಿಲ್ಲ. ಆಮೇಲೆ ಎಷ್ಟೋ ದಿನ, ಮೊದಲ ಉಸಿರಿಗೇ ಗೊತ್ತಾದರೂ, ಎರಡು ಸಲ ಊದಿಸಿದ್ದೇನೆ. ಅವರು ಊದಿ, ಸಹಿ ಹಾಕಿ, ಗೇಜಿನ ಪೆಟ್ಟಿಗೆ ತೆರೆಯುತ್ತಿದ್ದರು. ಮಖಮಲ್ಲಿನ ಕೆಳಗೆ ಈಗ ಗುಟ್ಕಾ ಪೊಟ್ಟಣ ಇರುತ್ತಿತ್ತು. ಪಾನ್ ಮಸಾಲ ಒಂದು, ತಂಬಾಕು ಒಂದು, ಎರಡನ್ನೂ ಕಲಸಿ ನಾಲಿಗೆಯ ಎಡಪಕ್ಕಕ್ಕೆ ಒತ್ತಿಕೊಳ್ಳುವರು. ಮೊದಲು ದಿನಕ್ಕೆ ಎರಡಿದ್ದದ್ದು ಹೆಂಡ ಬಿಟ್ಟ ಮೇಲೆ ಹತ್ತಾಯಿತು. ಟೀ ಹೊತ್ತಿಗೆ ಎರಡು ಸಿಗರೇಟು ಬೇರೆ. ಉಸಿರಿಗೆ ಆ ಸಿಹಿ ತಂಬಾಕಿನ ವಾಸನೆ ಬಂದರೆ ನಾನು ಧೈರ್ಯವಾಗಿ ಓಕೆ ಎಂದು ಬರೆಯುತ್ತಿದ್ದೆ. ಅಷ್ಟು ದೊಡ್ಡದನ್ನು ಬಿಟ್ಟಿದ್ದಾರೆ, ಇದೊಂದು ಇರಲಿ ಬಿಡಿ ಎಂದು ಅಕ್ಕನಿಗೂ ನಾನೇ ಹೇಳಿದೆ.

ಕುಡಿತ ಬಿಟ್ಟ ಮೇಲೆ ಅವರು ಮೆತ್ತಗಾದರೇನು? ಇನ್ನೂ ಕೆಟ್ಟರು. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುವರು. ಭಾನುವಾರ ಕುಡಿದು ಬಂದವನ ಹಣೆಗೆ ಬೆರಳಿನಿಂದ ಕೆಂಪು ಪೇಂಟಿನ ಬೊಟ್ಟಿಟ್ಟು ಒಳಗೆ ಕಳಿಸಿದ್ದೂ ಉಂಟು. ಒಬ್ಬ ಲೇತಿನವನ ಕೆಲಸ ಹೋದದ್ದು ಇವರು ಓನರಿಗೆ ಹೇಳಿದ್ದರಿಂದಲೇ. ಅವನು ಹೋಗುವಾಗ ಇವರ ಕಾಲಿಗೆ ಬಿದ್ದ. ನನ್ನ ಕಾಲಿಗಲ್ಲ, ನಿನ್ನ ಹೆಂಡ್ತಿ ಕಾಲಿಗೆ ಬೀಳು ಹೋಗು ಎಂದರು.

ಹೀಗಾಗಿ ಆ ಆಯುಧಪೂಜೆಯ ಸನ್ಮಾನದಲ್ಲಿ ಪ್ರೀತಿ ಎಷ್ಟಿತ್ತು, ಹಗೆ ಎಷ್ಟಿತ್ತು ಎಂದು ನಾನು ಹೇಳಲಾರೆ. ಲಿವರ್ ಹಾಕಿಸಿಕೊಂಡು ಒಂದು ವರ್ಷವಾಗಿತ್ತು. ಪೀಣ್ಯದಲ್ಲಿ ಆಯುಧಪೂಜೆಯೆಂದರೆ ಮಷಿನ್ನುಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಯಾರಾದರೊಬ್ಬರಿಗೆ ಪೇಟ ತೊಡಿಸಿ ಸನ್ಮಾನ ಮಾಡದಿದ್ದರೆ ಮುಗಿಯುವುದಿಲ್ಲ. ವರ್ಷವಿಡೀ ಕುಡಿಯದೆ ಇದ್ದುದಕ್ಕೆ ಕುಂಕುಮದ ಸಾರ್‌ಗೇ ಸನ್ಮಾನ ಎಂದು ಹುಡುಗರು ತೀರ್ಮಾನಿಸಿದರು. ಹಾರಕ್ಕೆ ಹೂವೇಕೆ, ಅವರಿಗೆ ಇಷ್ಟವಾದದ್ದನ್ನೇ ಹಾಕೋಣ ಎಂದವಳು ನಾನು. ಗೇಟಿನಾಚೆಯ ಅಂಗಡಿಯಿಂದ ಸರಗಟ್ಟಲೆ ಪೊಟ್ಟಣ ತರಿಸಿ, ಕೂತು ಜೋಡಿಸಿ ಹೊಲಿದೆ. ನಡುವೆ ಪದಕದ ಹಾಗೆ ಒಂದು ಕೆಂಪು ಬೊಟ್ಟಿನ ರಿಜೆಕ್ಟ್ ಕಡ್ಡಿ ಕಟ್ಟಿದೆ.

ಅವರು ಕೊರಳು ಬಗ್ಗಿಸಿದರು. ಹಾಕಿದೆ. ಶಿಳ್ಳೆ ಬಿತ್ತು. ಓನರ್ ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕನನ್ನೂ ಕರೆಸಿದ್ದರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊನೆಗೆ ಕೂತಿದ್ದರು, ಅವರಿಗೆ ಶಾಲು ಹೊದಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಫೋಟೋದಲ್ಲಿ ಕುಂಕುಮದ ಸಾರ್ ನಗುತ್ತಿದ್ದಾರೆ. ಅವರು ಆ ರೀತಿ ನಕ್ಕದ್ದನ್ನು ನಾನು ಮೊದಲೂ ಆಮೇಲೂ ನೋಡಿಲ್ಲ. ಹಾರದ ಪೊಟ್ಟಣಗಳು ಅವರಿಗೆ ವಾರಗಟ್ಟಲೆ ಬಂದವು.

ಲಿವರ್ ಹಾಕಿಸಿಕೊಂಡ ಮೂರನೆಯ ವರ್ಷ ಅವರು ಊಟಕ್ಕೆ ಮೊಸರನ್ನ ಮಾತ್ರ ತರತೊಡಗಿದರು. ಹಲ್ಲು ಚೂಪಾಗಿ ನಾಲಿಗೆಗೆ ತಾಗುತ್ತದೆ ಎನ್ನುವರು. ಪೊಟ್ಟಣವನ್ನು ಎಡದಿಂದ ಬಲಕ್ಕೆ ಬದಲಾಯಿಸಿದರು. ಆಸ್ಪತ್ರೆಯ ಭೇಟಿ ತಪ್ಪಿಸತೊಡಗಿದರು, ಬಾಯಿ ತೆರೆದರೆ ತಂಬಾಕು ಗೊತ್ತಾಗಿ ಡಾಕ್ಟರಮ್ಮ ಬಯ್ಯುತ್ತಾರೆಂದು. ರಕ್ತ ಪರೀಕ್ಷೆ ಮಾತ್ರ ಹತ್ತಿರದ ಲ್ಯಾಬಿನಲ್ಲಿ ಮಾಡಿಸುತ್ತಿದ್ದರು. ಲಿವರಿನ ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಮೈಕ್ರಾನ್ ವ್ಯತ್ಯಾಸವಿಲ್ಲ ನೋಡಮ್ಮ ಎಂದಿದ್ದರು.

ಆಮೇಲೆ ಮಾತು ತೊದಲಿತು. ಮೊದಮೊದಲು ಸಂಜೆ ಮಾತ್ರ, ಬರಬರುತ್ತ ಬೆಳಿಗ್ಗೆಯೂ. ಬಾಯಿಯ ಅಂಚಿನಲ್ಲಿ ಜೊಲ್ಲು. ನಮ್ಮಪ್ಪ ಹೀಗೇ ಮಾತಾಡುತ್ತಿದ್ದ. ಅವರು ಊದಿದಾಗ ಮೂಗಿಗೆ ಹೆಂಡದ ವಾಸನೆ ಬರಲಿಲ್ಲ. ತಂಬಾಕಿನ ಜೊತೆ ಏನೋ ಕೊಳೆತ ವಾಸನೆ ಬಂತು. ನನ್ನ ಮೂಗನ್ನು ಮೋಸ ಮಾಡಲು ಏನೋ ಹೊಸ ಉಪಾಯ ಹುಡುಕಿದ್ದಾರೆ ಎಂದುಕೊಂಡೆ. ಅದೇ ವಾರ ಇನ್‌ಸ್ಪೆಕ್ಷನ್ ರೂಮಿನ ಹಿಂದಿನ ಮೋರಿಯಲ್ಲಿ ಯಾರೋ ಎಸೆದ ಖಾಲಿ ಟೆಟ್ರಾ ಪ್ಯಾಕ್ ಸಿಕ್ಕಿತ್ತು. ನಾನು ಷರಾದಲ್ಲಿ 'ಅನುಮಾನ' ಎಂದು ಬರೆದೆ.

ಅವರು ಸಹಿ ಹಾಕಲು ಬಗ್ಗಿದವರು ಓದಿ ನಿಂತರು.

"ವಾಸ್ನೆ ಬಂತೇನಮ್ಮ?"

"ಇಲ್ಲ ಸಾರ್."

"ಮತ್ತೆ?"

"ಮಾತು ತೊದಲ್ತಿದೆಯಲ್ಲ ಸಾರ್. ಎಲ್ಲಾರೂ ಹೇಳ್ತಿದಾರೆ."

"ನೀನು ಅಳತೆ ಬರಿಯೋಳು. ಎಲ್ಲಾರು ಯೋಳಿದ್ದನ್ನ ಯಾವತ್ತಿಂದ ಬರಿಯಾಕೆ ಶುರು ಮಾಡ್ದೆ?"

ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆದರೂ ಸಹಿ ಹಾಕಿದರು. ಮರುದಿನ ಓನರ್ ಊದಿ ನೋಡುವ ಮಷಿನ್ ತರಿಸಿದರು. ಸೊನ್ನೆ ತೋರಿಸಿತು. ಮೂರು ದಿನ ಸೊನ್ನೆಯೇ ತೋರಿಸಿತು. ಹದಿನೆಂಟು ವರ್ಷ ಉಪಕರಣವನ್ನು ಬಿಟ್ಟು ಬೇರೇನನ್ನೂ ನಂಬಬೇಡಿ ಎಂದು ಕಲಿಸಿದವರ ಮುಂದೆಯೇ, ಮಷಿನ್ ಸರಿಯಿಲ್ಲ ಎಂದು ನಾವೆಲ್ಲ ಸೇರಿ ತೀರ್ಮಾನಿಸಿದೆವು. ನಾನು ಅನುಮಾನ ಎಂದೇ ಬರೆಯುತ್ತ ಹೋದೆ. ಅಕ್ಕನಿಗೆ ಫೋನ್ ಮಾಡಿಯೂ ಹೇಳಿದೆ.

ಅಕ್ಕ ಅಂದಿನಿಂದ ಅವರ ಜೊತೆ ಮಾತು ಬಿಟ್ಟರು. ತಲೆದಿಂಬು ಮೂಸುವುದು, ಅಂಗಿಯ ಜೇಬು ತಡಕುವುದು ಶುರುವಾಯಿತು. ನನ್ನ ಹೊಟ್ಟೆ ಕುಯ್ದು ಕೊಟ್ಟದ್ದನ್ನು ಮೋರಿಗೆ ಹಾಕಿದೆಯಲ್ಲ ಎಂದು ಒಂದು ದಿನ ತಟ್ಟೆ ಎತ್ತಿ ಎಸೆದರಂತೆ. ಅಕ್ಕನ ಅಣ್ಣ ಬಂದು ಹೆಗ್ಗನಹಳ್ಳಿಯ ಮುಖ್ಯರಸ್ತೆಯಲ್ಲಿ, ಬೇಕರಿ ಮುಂದೆ, ಎಲ್ಲರೆದುರು ಕಪಾಳಕ್ಕೆ ಹೊಡೆದ. ಎಡಗೆನ್ನೆಗೆ. ಅವರು ನೋವಿಗೆ ಅಲ್ಲೇ ಕುಸಿದು ಕೂತರೆ, ಕುಡಿದ ಮತ್ತು ಎಂದು ಜನ ನಕ್ಕರು. ಇದನ್ನೆಲ್ಲ ಅಕ್ಕನೇ ಆಮೇಲೆ ಹೇಳಿದ್ದು. ನಾನಾಗಿ ವಿಚಾರಿಸಿರಲಿಲ್ಲ.

ಹೀಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಹೋಯಿತು. ಕೊನೆಗೆ ನಾವು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ತೋರಿಸುವುದಕ್ಕಲ್ಲ, ದೂರು ಹೇಳುವುದಕ್ಕೆ. ಅಕ್ಕನೂ ನಾನೂ ಅಕ್ಕಪಕ್ಕ, ನಡುವೆ ಅವರು. ನನ್ನ ತೊಡೆಯ ಮೇಲೆ ರಿಜಿಸ್ಟರು. ಅಕ್ಕ ಕೈಮುಗಿದು, ಇವರು ಮತ್ತೆ ಕುಡಿಯುತ್ತಿದ್ದಾರೆ ಮೇಡಂ, ನೀವೇ ಬುದ್ಧಿ ಹೇಳಿ ಎಂದರು. ಡಾಕ್ಟರಮ್ಮ ಅವರ ಕಡೆ ತಿರುಗಿ ಏನು ಹೇಳುತ್ತೀರಿ ಎಂದರು. ಅವರು ಎರಡು ಮಾತಾಡಿದರು. ಡಾಕ್ಟರಮ್ಮ ಮೂರನೆಯದಕ್ಕೆ ಕಾಯದೆ ಎದ್ದು ಬಂದು, ಬಾಯಿ ತೆಗೀರಿ ಎಂದು ಟಾರ್ಚ್ ಹಾಕಿದರು. ಕೈಗವಸು ಹಾಕಿಕೊಂಡು ನಾಲಿಗೆಯನ್ನು ಬಲಕ್ಕೆ ಎಳೆದು ನೋಡಿದರು. ಕತ್ತಿನ ಕೆಳಗೆ ಮುಟ್ಟಿ ನೋಡಿದರು.

ಆಮೇಲೆ ಕೇಳಿದ್ದು ನಮ್ಮಿಬ್ಬರನ್ನು. "ಇದು ಎಷ್ಟು ದಿನದಿಂದ ಇದೆ?"

ನಾನು ಪ್ರತಿದಿನ ಬೆಳಿಗ್ಗೆ ಒಂದು ಗೇಣು ದೂರದಿಂದ ಆ ಬಾಯಿಯನ್ನು ಮೂಸಿದವಳು. ಒಂದು ದಿನವೂ ಅದರೊಳಗೆ ನೋಡಿರಲಿಲ್ಲ. ಗೊತ್ತಿಲ್ಲ ಮೇಡಂ ಎಂದೆ. ನನ್ನ ರಿಜಿಸ್ಟರನ್ನು ಅವರು ಕೇಳಲೇ ಇಲ್ಲ.

ನಾಲಿಗೆಯ ಕ್ಯಾನ್ಸರ್, ಕತ್ತಿನ ಗಂಟುಗಳಿಗೂ ಇಳಿದಿತ್ತು. ನಾಲಿಗೆಯ ಬಹುಭಾಗವನ್ನೂ ದವಡೆಯ ಒಂದು ತುಂಡನ್ನೂ ತೆಗೆದರು, ಕರೆಂಟು ಎನ್ನುವ ರೇಡಿಯೇಶನ್ ಕೊಟ್ಟರು. ಲಿವರಿನ ಮಾತ್ರೆ ನಿಲ್ಲಿಸುವಂತಿಲ್ಲ, ನಿಲ್ಲಿಸದಿದ್ದರೆ ಮೈಗೆ ಹೋರಾಡುವ ಶಕ್ತಿಯಿಲ್ಲ. ಕಡಿಮೆ ಮಾಡಿ, ಬದಲಾಯಿಸಿ, ಏನೇನೋ ಮಾಡಿ ನೋಡಿದರು. ತಂಬಾಕು ಬಿಟ್ಟು ಆ ಹುಣ್ಣನ್ನು ಮೊದಲ ತಿಂಗಳಲ್ಲೇ ತಂದು ತೋರಿಸಿದ್ದರೆ ಮಾತು ಬೇರೆಯಾಗಿರುತ್ತಿತ್ತೇನೋ ಎಂದಷ್ಟೇ ಡಾಕ್ಟರಮ್ಮ ಹೇಳಿದ್ದು. ಅವರು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಒಂದು ಸಲ, ಒಂದೇ ಸಲ, ಅವರು ಕಾರ್ಖಾನೆಗೆ ಬಂದರು. ಯಾಕೆ ಬಂದರೋ ತಿಳಿಯದು. ಕತ್ತಿಗೂ ಕೆನ್ನೆಗೂ ಸೇರಿಸಿ ಟವೆಲ್ ಸುತ್ತಿಕೊಂಡಿದ್ದರು. ಲೇತುಗಳ ಸದ್ದು ಒಂದೊಂದಾಗಿ ನಿಂತಿತು. ಯಾರ ಕಡೆಯೂ ನೋಡದೆ ನೇರ ನನ್ನ ಮೇಜಿನ ಮುಂದೆ ಬಂದು, ಗಡಿಯಾರ ನೋಡಿ, ಟವೆಲ್ ಬಿಚ್ಚಿ, ಬಾಯಿ ತೆರೆದು ಊದಿದರು. ನಾನು ಅಳತೆಯ ಕಲ್ಲನ್ನು ಹಿಡಿದುಕೊಂಡೆ. ಒಳಗೆ ಏನಿತ್ತು, ಏನಿರಲಿಲ್ಲ ಎಂದು ಬರೆಯುವುದಿಲ್ಲ. ನಾನು ಪೆನ್ನು ಎತ್ತದ್ದನ್ನು ನೋಡಿ ಅವರು ಎರಡನೆಯ ಸಲವೂ ಊದಿದರು. ಆಮೇಲೆ ರಿಜಿಸ್ಟರಿನ ಮೇಲೆ ಬೆರಳಿಟ್ಟು ಕಾದರು. ತಾರೀಕು ಹಾಕಿ, ಓಕೆ ಎಂದು ಬರೆದು, ಸಹಿ ಮಾಡಿದೆ. ಅವರೂ ಸಹಿ ಮಾಡಿ, ಟವೆಲ್ ಸುತ್ತಿಕೊಂಡು ಹೋದರು. ಅದಾಗಿ ನಾಲ್ಕು ತಿಂಗಳಿಗೆ ತೀರಿಕೊಂಡರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅಕ್ಕ ಕಾರ್ಖಾನೆಗೆ ಬಂದರು. ಗೇಟಿನ ಫ್ಲೆಕ್ಸ್ ಮುಂದೆ ಸ್ವಲ್ಪ ಹೊತ್ತು ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಒಳಗೆ ಬಂದು ಕೂತ ಮೇಲೆ, ಆ ಫೋಟೋ ಮನೆಯಲ್ಲೂ ಇದೆ, ಅದರಲ್ಲಿ ಹಾರ ಬೇರೆ ಇತ್ತಲ್ಲ ಎಂದರು. ಹೌದಕ್ಕ, ತೆಗೆಸಿದೆ ಎಂದೆ. ಅಕ್ಕ ಕೊನೆಯ ದಿನ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದರು.

"ನನ್ ಭಾಗ ಸರ್ಯಾಗೇ ಇತ್ತಂತೆ ಕಣಮ್ಮ. ಕೊನೇಗಂಟ ಲಿವರ್ ಚೆನ್ನಾಗಿ ಕೆಲ್ಸ ಮಾಡ್ತಂತೆ."

ಆಮೇಲೆ ರಿಜಿಸ್ಟರ್ ಕೇಳಿದರು. ಕೊಟ್ಟೆ. ಮೊದಲ ಹಾಳೆಯಿಂದ ಒಂದೊಂದೇ ತಿರುಗಿಸಿದರು. ಓಕೆ, ಓಕೆ, ಓಕೆ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಅಷ್ಟು ಓದಲು ಬರುತ್ತಿತ್ತು. ಒಂದು ದಿನವೂ ಕುಡಿದಿರಲಿಲ್ಲ ಅಲ್ಲವಾ ಎಂದು ಕೇಳಿದರು. ಇಲ್ಲಕ್ಕ ಎಂದೆ. ಹಾಳೆಗಳು ಕನ್ನಡಕ್ಕೆ ಬಂದವು. ಅನುಮಾನ, ಅನುಮಾನ, ಅನುಮಾನ, ನನ್ನ ದುಂಡನೆಯ ಅಕ್ಷರದಲ್ಲಿ. ಪ್ರತಿಯೊಂದರ ಪಕ್ಕದಲ್ಲೂ ಅವರ ಸಹಿ.

ನಾನು ಪೆನ್ನು ತೆಗೆದೆ. ಇದನ್ನು ಸರಿ ಮಾಡಿ ಕೊಡುತ್ತೇನೆ ಅಕ್ಕ, ಒಂದೊಂದಕ್ಕೂ ಗೆರೆ ಹೊಡೆದು ಓಕೆ ಎಂದು ಬರೆದು ಸಹಿ ಹಾಕುತ್ತೇನೆ, ಅವರೇ ಕಲಿಸಿದ ಕ್ರಮ ಎಂದೆ. ಮೊದಲ ಗೆರೆ ಎಳೆಯುವಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದರು. ಕಾಲರ್ ಹೊಲಿಯುವ ಕೈ, ಗಟ್ಟಿಯಾಗಿತ್ತು.

"ಬ್ಯಾಡ. ಅಂಗೇ ಇರ್ಲಿ. ಅವ್ರು ಓದ್ಕೊಂಡು ಓಗಿದ್ದು ಇದುನ್ನೇ."

ಪೆನ್ನನ್ನು ನನ್ನ ಕೈಯಿಂದ ಬಿಡಿಸಿ ಅಳತೆಯ ಕಲ್ಲಿನ ಮೇಲಿಟ್ಟರು. ರಿಜಿಸ್ಟರನ್ನು ಊಟದ ಬ್ಯಾಗಿನಲ್ಲಿ ಹಾಕಿಕೊಂಡು, ಎರಡನೇ ಶಿಫ್ಟಿಗೆ ಹೊತ್ತಾಯಿತು ಎಂದು ಎದ್ದು ಹೋದರು.